ಚಿತ್ರ, ಶಿಲ್ಪ ಕಲಿಯುವವರಿಗೆ ಅನಾಟಮಿ: ಎಲುಬಿನಿಂದ ಶುರುಮಾಡಿ

ಮನುಷ್ಯರ ಚಿತ್ರ ಬಿಡಿಸುವವರಿಗೆ ಒಂದು ಹಂತ ಬಂದೇ ಬರುತ್ತದೆ. ಮುಖ ಚೆನ್ನಾಗಿ ಬರುತ್ತದೆ, ಹೋಲಿಕೆಯೂ ಕೂರುತ್ತದೆ. ಆದರೆ ಕತ್ತಿನ ಕೆಳಗೆ ಏನೋ ಎಡವಟ್ಟು. ತೋಳು ಹೆಗಲಿಗೆ ಅಂಟಿಸಿದ ಹಾಗೆ ಕಾಣುತ್ತದೆ. ನಿಂತ ಆಳು ಈಗಲೋ ಆಗಲೋ ಬೀಳುತ್ತಾನೆ ಅನಿಸುತ್ತದೆ. ಆಗ ಎಲ್ಲರೂ ಹೇಳುವುದು ಒಂದೇ ಮಾತು, ಅನಾಟಮಿ ಕಲಿ. ಸರಿ ಅಂತ ದಪ್ಪ ಪುಸ್ತಕ ತಂದು ಸ್ನಾಯುಗಳ ಹೆಸರು ಬಾಯಿಪಾಠ ಮಾಡಲು ಕೂರುತ್ತಾರೆ. ಎರಡು ವಾರಕ್ಕೆ ಪುಸ್ತಕ ಕಪಾಟು ಸೇರುತ್ತದೆ.

ಡಾಕ್ಟರಿಗೆ ಬೇಕಾದ ಅನಾಟಮಿ ಬೇರೆ, ನಮಗೆ ಬೇಕಾದದ್ದು ಬೇರೆ. ಕರುಳು, ರಕ್ತನಾಳ ಕಟ್ಟಿಕೊಂಡು ನಮಗೇನೂ ಆಗಬೇಕಿಲ್ಲ. ಚರ್ಮದ ಮೇಲೆ ಕಾಣುವ ಉಬ್ಬು ತಗ್ಗಿಗೆ ಒಳಗೆ ಏನು ಕಾರಣ, ಮೈ ಅಲುಗಾಡಿದಾಗ ಅದು ಹೇಗೆ ಬದಲಾಗುತ್ತದೆ, ಇಷ್ಟು ಗೊತ್ತಾದರೆ ಸಾಕು. ಅದನ್ನು ಕಲಿಯಲು ಬೇಕಾದ ಮಾಡೆಲ್ ನಿಮ್ಮ ಹತ್ತಿರವೇ ಇದೆ, ನಿಮ್ಮ ಮೈ. ಇದನ್ನು ಓದುವಾಗ ಒಂದು ಕೈ ಬಿಡುವಾಗಿರಲಿ. ಮುಟ್ಟಿ ನೋಡಬೇಕಾದದ್ದು ಜಾಸ್ತಿ ಇದೆ.

ಏನೇನು ಬೇಕು

ಆಳೆತ್ತರದ ಕನ್ನಡಿ, ಅಗ್ಗದ ಹಾಳೆಗಳ ದಪ್ಪ ಪುಸ್ತಕ, ಪೆನ್ಸಿಲ್, ಒಂದು ಕೆಂಪು ಪೆನ್ನು. ಜೊತೆಗೆ ಎಲುಬು, ಸ್ನಾಯುಗಳ ಒಂದಷ್ಟು ಒಳ್ಳೆಯ ಚಿತ್ರಗಳು. ಇದಕ್ಕೆ ದುಡ್ಡು ಖರ್ಚು ಮಾಡಬೇಕಿಲ್ಲ. ಅನಾಟಮಿ ಪಂಡಿತ ವೆಸಾಲಿಯಸ್ 1543ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಅಚ್ಚು ಹಾಕಿಸಿದ ಚಿತ್ರಗಳು, ಅವನ ಹಾಗೇ ಅನಾಟಮಿ ಪಂಡಿತನಾದ ಆಲ್ಬಿನಸ್ 1747ರಲ್ಲಿ ಹೊರತಂದ ದೊಡ್ಡ ಫಲಕಗಳು ಈಗ ಯಾರ ಹಕ್ಕಿಗೂ ಒಳಪಟ್ಟಿಲ್ಲ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಕಲಾವಿದರಿಗೆ ಇವೆರಡರಲ್ಲಿ ಆಲ್ಬಿನಸ್ ಉತ್ತಮ ಅಂತ ನನ್ನ ಅಭಿಪ್ರಾಯ. ಅದರ ಚಿತ್ರಕಾರ ಯಾನ್ ವಾಂಡೆಲಾರ್ ಎದುರಿಗೆ ಚೌಕಳಿ ಬಲೆ ಕಟ್ಟಿಕೊಂಡು ಅಳತೆ ಹಿಡಿದು ಬಿಡಿಸಿದ್ದ. ಎರಡು ಫಲಕಗಳಲ್ಲಿ ಚರ್ಮ ಸುಲಿದ ಮನುಷ್ಯನ ಹಿಂದೆ ಒಂದು ಖಡ್ಗಮೃಗ ನಿಂತಿದೆ. ಅದು ಭಾರತದಿಂದ ಹಡಗಿನಲ್ಲಿ ಯುರೋಪಿಗೆ ಹೋದ ಕ್ಲಾರಾ. ಅನಾಟಮಿಗೂ ಅದಕ್ಕೂ ಸಂಬಂಧವಿಲ್ಲ, ಆದರೂ ಒಮ್ಮೆ ನೋಡಿ!

ಒಂದು ಎಚ್ಚರಿಕೆ. ಈ ಹಳೆಯ ಫಲಕಗಳಲ್ಲಿ ಇರುವುದು ಕೊಬ್ಬೇ ಇಲ್ಲದ ಗಂಡಸಿನ ಮೈ. ನಮ್ಮ ಸುತ್ತ ಓಡಾಡುವ ಮೈಗಳು ಹಾಗಿರುವುದಿಲ್ಲ, ಅಲ್ವಾ? ಹಾಗಾಗಿ ಫಲಕ ನೋಡಿದ ಮೇಲೆ ಪ್ರತಿ ಸಲ ಕನ್ನಡಿಗೆ ವಾಪಸ್ ಬನ್ನಿ.

ಮೊದಲ ಹೆಜ್ಜೆ: ಗಟ್ಟಿ ಭಾಗ ಮೂರು

ತಲೆ, ಎದೆಗೂಡು, ಸೊಂಟದ ಮೂಳೆ. ಈ ಮೂರು ಬಾಗುವುದಿಲ್ಲ. ಬಾಗುವುದು, ತಿರುಗುವುದು ಇವುಗಳ ನಡುವೆ ಇರುವ ಕತ್ತು ಮತ್ತು ನಡು. ಮನುಷ್ಯನ ಯಾವುದೇ ಭಂಗಿಯೂ ಮೊದಲಿಗೆ ಈ ಮೂರು ಗಟ್ಟಿಗಳು ಒಂದಕ್ಕೊಂದು ಹೇಗೆ ವಾಲಿವೆ ಅನ್ನುವುದರ ಮೇಲೆ ನಿಂತಿದೆ.

ಕನ್ನಡಿ ಮುಂದೆ ನಿಂತು ಮೈಭಾರವನ್ನೆಲ್ಲ ಬಲಗಾಲಿನ ಮೇಲೆ ಬಿಡಿ. ಎಡ ಮಂಡಿ ಸಡಿಲಾಗಲಿ. ಸೊಂಟದ ಎರಡೂ ಬದಿಯ ಮೂಳೆಯ ಮೇಲೆ ಕೈ ಇಟ್ಟು ನೋಡಿ. ಬಲಗಡೆಯದು ಮೇಲೆ ಹೋಗಿದೆ, ಎಡಗಡೆಯದು ಇಳಿದಿದೆ. ಹೆಗಲು ಇದಕ್ಕೆ ಉಲ್ಟಾ, ಬಲ ಹೆಗಲು ಇಳಿದಿದೆ. ಬೀಳದೆ ನಿಲ್ಲಬೇಕಾದರೆ ಮೈ ಹೀಗೆ ಮಾಡಲೇಬೇಕು. ಕತ್ತಿನ ಬುಡದ ಗುಳಿಯಿಂದ ಒಂದು ದಾರ ಇಳಿಬಿಟ್ಟರೆ ಅದು ಹೆಚ್ಚು ಕಡಿಮೆ ಭಾರ ಹೊತ್ತ ಪಾದದ ಮೇಲೆ ಬರುತ್ತದೆ. ನಿಮ್ಮ ಚಿತ್ರದ ಆಳು ಬೀಳುವ ಹಾಗೆ ಕಂಡರೆ ಮೊದಲು ಈ ದಾರ ಹಿಡಿದು ನೋಡಿ.

ಬೇಲೂರಿಗೆ ಹೋದರೆ ಇದೇ ಪಾಠ ಕಲ್ಲಿನಲ್ಲಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಮದನಿಕೆಯರ ತ್ರಿಭಂಗಿಯಲ್ಲಿ ತಲೆ, ಎದೆ, ಸೊಂಟ ಮೂರೂ ಒಂದೊಂದು ದಿಕ್ಕಿಗೆ ವಾಲುತ್ತವೆ. ಶಿಲ್ಪಿಗಳು ವಾಲಿಕೆಯನ್ನು ಸ್ವಲ್ಪ ಜಾಸ್ತಿಯೇ ಮಾಡಿದ್ದಾರೆ. ಕಲಿಯುವವರಿಗೆ ಅದೇ ಅನುಕೂಲ, ಕಣ್ಣಿಗೆ ಬೇಗ ಸಿಗುತ್ತದೆ. ಒಡವೆ, ಬಳ್ಳಿ ಯಾವುದನ್ನೂ ಬಿಡಿಸಲು ಹೋಗದೆ, ಪ್ರತಿ ಮೂರ್ತಿಗೂ ಹೆಗಲಿನ ಒಂದು ಗೆರೆ, ಸೊಂಟದ ಒಂದು ಗೆರೆ, ಕತ್ತಿನ ಗುಳಿಯಿಂದ ಹೊಕ್ಕುಳ ದಾಟಿ ಇಳಿಯುವ ಒಂದು ಗೆರೆ ಎಳೆಯಿರಿ. ಮನೆಯಲ್ಲಿ ಟಿವಿ ನೋಡುತ್ತಾ ನಿಂತವರನ್ನೂ ಹೀಗೇ ಮೂರು ಗೆರೆಯಲ್ಲಿ ಹಿಡಿಯಿರಿ. ಇದು ಸಲೀಸಾಗುವವರೆಗೆ ಸ್ನಾಯುವಿನ ತಂಟೆಗೆ ಹೋಗಬೇಡಿ.

ಎರಡನೇ ಹೆಜ್ಜೆ: ಚರ್ಮಕ್ಕೆ ತಾಗುವ ಎಲುಬು

ದೊಡ್ಡವರ ಮೈಯಲ್ಲಿ 206 ಎಲುಬುಗಳಿವೆ. ನಮಗೆ ಮುಖ್ಯವಾದವು ಚರ್ಮದ ಕೆಳಗೇ ಇರುವ ಕೆಲವು ಜಾಗಗಳು. ಸ್ನಾಯು ಉಬ್ಬುತ್ತದೆ, ಸಡಿಲಾಗುತ್ತದೆ, ಕೊಬ್ಬು ಬರುತ್ತದೆ ಹೋಗುತ್ತದೆ. ಈ ಜಾಗಗಳು ಮಾತ್ರ ಇದ್ದಲ್ಲೇ ಇರುತ್ತವೆ. ಅಳತೆಗೆ ಇವನ್ನೇ ನಂಬಬೇಕು.

ಒಂದೊಂದನ್ನೇ ಬೆರಳಿಂದ ಹುಡುಕಿ. ಕತ್ತಿನ ಬುಡದ ಗುಳಿ, ಅಲ್ಲಿಂದ ಎರಡೂ ಕಡೆ ಹೋಗುವ ಕಾಲರ್ ಮೂಳೆ, ಅದು ಹೋಗಿ ಮುಟ್ಟುವ ಹೆಗಲಿನ ತುದಿ. ಎದೆಯ ನಡುವಿನ ಮೂಳೆಯ ಕೆಳತುದಿ, ಅಲ್ಲಿಂದ ಕಮಾನಿನಂತೆ ಇಳಿಯುವ ಪಕ್ಕೆಲುಬಿನ ಅಂಚು. ಸೊಂಟದ ಮುಂದಿನ ಎರಡು ಮೂಳೆ ತುದಿ. ಮಂಡಿಚಿಪ್ಪು, ಮೊಣಕಾಲಿನ ಕೆಳಗೆ ಪೂರ್ತಿ ಕೈಗೆ ಸಿಗುವ ಮುಂಗಾಲಿನ ಮೂಳೆ, ಪಾದದ ಮೇಲಿನ ಎರಡು ಗಿಣ್ಣು. ಹಿಂದುಗಡೆ, ತಲೆ ತಗ್ಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಏಳನೇ ಕತ್ತಿನ ಮೂಳೆ, ಭುಜದ ಹಲಗೆಯ ಕೆಳತುದಿ, ಮೊಣಕೈ, ಸೊಂಟದ ಹಿಂದಿನ ಎರಡು ಗುಳಿ.

ಆ ಎರಡು ಗುಳಿ ಯಾಕೆ ಗುಳಿಯಾದವು? ಅಲ್ಲಿ ಚರ್ಮ ಮೂಳೆಗೆ ಅಂಟಿಕೊಂಡಿದೆ, ಸುತ್ತ ಮಾತ್ರ ಮಾಂಸ, ಕೊಬ್ಬು ತುಂಬಿದೆ. ಮೈ ತುಂಬಿದಂತೆ ಮೂಳೆಯ ಉಬ್ಬು ತಗ್ಗಾಗುತ್ತದೆ. ಗುಂಡುಗುಂಡಾಗಿರುವ ಕೂಸಿನ ಕೈ ನೋಡಿ. ನಮ್ಮ ಕೈಯಲ್ಲಿ ಬೆರಳಗಿಣ್ಣು ಉಬ್ಬಿರುವ ಜಾಗದಲ್ಲಿ ಅದಕ್ಕೆ ಚುಕ್ಕಿಯಂಥ ಗುಳಿಗಳಿರುತ್ತವೆ. ಜಾಗ ಅದೇ. ದಪ್ಪಗಿರುವವರನ್ನು ಬಿಡಿಸುವಾಗ ಇದೊಂದು ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಪಾದದ ಗಿಣ್ಣಿನಲ್ಲಿ ಒಳಗಡೆಯದು ಮೇಲೆ, ಹೊರಗಡೆಯದು ಕೆಳಗೆ. ಮೀನಖಂಡದಲ್ಲಿ ಇದಕ್ಕೆ ಉಲ್ಟಾ, ಹೊರಗಡೆಯ ಉಬ್ಬು ಮೇಲೆ, ಒಳಗಡೆಯದು ಕೆಳಗೆ. ಎರಡೂ ಕಡೆ ಸಮ ಮಾಡಿ ಬಿಡಿಸಿದ ಕಾಲು ಕುರ್ಚಿಯ ಕಾಲಾಗುತ್ತದೆ. ಕಾಲಿನ ಬಗ್ಗೆ ಸದ್ಯಕ್ಕೆ ಇಷ್ಟು ಸಾಕು.

ಅಭ್ಯಾಸಕ್ಕೆ ಪತ್ರಿಕೆಯ ಕ್ರೀಡಾ ಪುಟ ತೆಗೆದುಕೊಳ್ಳಿ. ಕಬಡ್ಡಿ, ಓಟದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಕೆಂಪು ಪೆನ್ನಿನಲ್ಲಿ ಈ ಜಾಗಗಳಿಗೆ ಚುಕ್ಕಿ ಇಡಿ. ಬಟ್ಟೆ ಮುಚ್ಚಿದ ಕಡೆ ಊಹಿಸಿ ಇಡಿ. ಆಮೇಲೆ ಫೋಟೊ ಪಕ್ಕಕ್ಕಿಟ್ಟು, ಚುಕ್ಕಿಗಳನ್ನು ಮಾತ್ರ ನೆನಪಿನಿಂದ ಹಾಳೆಗೆ ಇಳಿಸಿ.

ಬಾದಾಮಿಯ ಮೊದಲನೇ ಗುಹೆಯಲ್ಲಿ ಅರ್ಧನಾರೀಶ್ವರನ ಪಕ್ಕ ಎಲುಬಿನ ಗೂಡಾಗಿ ಶಿವಭಕ್ತ ಭೃಂಗಿ ನಿಂತಿದ್ದಾನೆ. ಒಂದೇ ಫಲಕದಲ್ಲಿ ತುಂಬಿದ ಮೈಯೂ ಒಣಗಿದ ಮೈಯೂ ಸಿಗುವ ಇಂಥ ಜಾಗ ಅಪರೂಪ. ಅದೇ ಗುಹೆಯ 18 ಕೈಗಳ ನಟರಾಜನಿಗೆ ಭುಜದ ಹಲಗೆ ಎಷ್ಟು ಅಂತ ಮಾತ್ರ ಕೇಳಬೇಡಿ. ಶಿಲ್ಪಿ ಅಲ್ಲಿ ಬೇರೆ ಲೆಕ್ಕ ಹಾಕಿದ್ದಾನೆ.

ಮೂರನೇ ಹೆಜ್ಜೆ: ಮುಂಗೈಯನ್ನು ಪೂರ್ತಿ ಕಲಿಯಿರಿ

ಇಡೀ ಮೈಯನ್ನು ಒಟ್ಟಿಗೆ ಕಲಿಯಲು ಹೋಗಬೇಡಿ. ಒಂದು ಭಾಗ ಪೂರ್ತಿ ಅರ್ಥವಾದರೆ ಉಳಿದದ್ದನ್ನು ಹೇಗೆ ನೋಡಬೇಕು ಅನ್ನುವುದು ತಾನಾಗಿ ಬರುತ್ತದೆ. ಮುಂಗೈ ಇದಕ್ಕೆ ಸರಿಯಾದ ಜಾಗ. ಸದಾ ಕಣ್ಣೆದುರು ಇರುತ್ತದೆ, ಎಡಗೈ ನೋಡುತ್ತಾ ಬಲಗೈಯಲ್ಲಿ ಬಿಡಿಸಬಹುದು.

ಎಡ ಮೊಣಕೈಯನ್ನು ಮೇಜಿಗೆ ಊರಿ, ಅಂಗೈ ನಿಮ್ಮ ಕಡೆಗಿರಲಿ. ಬಲಗೈ ಬೆರಳನ್ನು ಮೊಣಕೈ ತುದಿಗೆ ಇಟ್ಟು ಕಿರುಬೆರಳಿನ ಕಡೆಗೆ ಸವರುತ್ತಾ ಹೋಗಿ. ಒಂದೇ ಎಲುಬಿನ ಅಂಚು ಮಣಿಕಟ್ಟಿನವರೆಗೂ ಸಿಗುತ್ತದೆ. ಇದು ಅಲ್ನಾ. ಈ ಅಂಚಿನ ಮೇಲೆ ಯಾವ ಸ್ನಾಯುವೂ ದಾಟಿ ಹೋಗುವುದಿಲ್ಲ. ಒಂದು ಕಡೆ ಬೆರಳು ಮಡಚುವ ಸ್ನಾಯುಗಳು, ಇನ್ನೊಂದು ಕಡೆ ಬೆರಳು ನೆಟ್ಟಗೆ ಮಾಡುವವು. ಮುಂಗೈ ಬಿಡಿಸುವಾಗ ದಾರಿ ತಪ್ಪಿದರೆ ಈ ಗೆರೆಗೆ ವಾಪಸ್ ಬರಬಹುದು.

ಈಗ ಮೊಣಕೈ ಎತ್ತದೆ ಅಂಗೈಯನ್ನು ಆಚೆ ತಿರುಗಿಸಿ. ಅಲ್ನಾ ಹೆಚ್ಚು ಕಡಿಮೆ ಇದ್ದಲ್ಲೇ ಇದೆ. ತಿರುಗಿದ್ದು ಹೆಬ್ಬೆರಳಿನ ಕಡೆಯ ಎಲುಬು, ರೇಡಿಯಸ್. ಮೊದಲು ಎರಡೂ ಎಲುಬು ಅಕ್ಕಪಕ್ಕ ಇದ್ದವು, ಈಗ ರೇಡಿಯಸ್ ಅಲ್ನಾವನ್ನು ಅಡ್ಡ ದಾಟಿ ಮಲಗಿದೆ. ಅಲ್ನಾ ಮೊಣಕೈ ಹತ್ತಿರ ದಪ್ಪ, ಮಣಿಕಟ್ಟಿನಲ್ಲಿ ಸಣ್ಣ. ರೇಡಿಯಸ್ ಮೊಣಕೈಯಲ್ಲಿ ಸಣ್ಣ, ಮಣಿಕಟ್ಟಿನಲ್ಲಿ ಅಗಲ. ಅಂದರೆ ಮೊಣಕೈ ಅಲ್ನಾದ್ದು, ಮಣಿಕಟ್ಟು ರೇಡಿಯಸ್‌ನದ್ದು. ಅಂಗೈ ಜೊತೆ ಮಣಿಕಟ್ಟು ಯಾಕೆ ತಿರುಗುತ್ತದೆ, ಮೊಣಕೈ ಯಾಕೆ ತಿರುಗುವುದಿಲ್ಲ ಅನ್ನುವುದು ಈಗ ಗೊತ್ತಾಯಿತಲ್ಲ. ಅಂಗೈ ಆಚೆ ತಿರುಗಿದಾಗ ಮಣಿಕಟ್ಟಿನ ಹಿಂದೆ, ಕಿರುಬೆರಳಿನ ಕಡೆ ಏಳುವ ಸಣ್ಣ ಗುಬುಟು ಅಲ್ನಾದ ತುದಿ. ಅಂಗೈ ನಿಮ್ಮ ಕಡೆ ಬಂದಾಗ ಅದು ಅಷ್ಟಾಗಿ ಕಾಣುವುದಿಲ್ಲ.

ಇನ್ನು ಸ್ನಾಯು. ಮುಷ್ಟಿ ಕಟ್ಟಿ, ಹೆಬ್ಬೆರಳು ಮೇಲಿರುವಂತೆ ಕೈಯನ್ನು ಮೇಜಿನ ಅಡಿಗೆ ಇಟ್ಟು ಮೇಲಕ್ಕೆ ಒತ್ತಿ. ಮೊಣಕೈ ಹತ್ತಿರ ಒಂದು ಏಣು ಏಳುತ್ತದೆ. ಇದು ಬ್ರೇಕಿಯೋರೇಡಿಯಾಲಿಸ್. ಬೆರಳಿಂದ ಹಿಂಬಾಲಿಸಿ ನೋಡಿ, ಅದು ಶುರುವಾಗುವುದು ಮೊಣಕೈಗಿಂತ ಮೇಲೆ, ರಟ್ಟೆಯ ಹೊರಬದಿಯಲ್ಲಿ. ಒಳಬದಿಯ ಸ್ನಾಯುಗಳು ಮೊಣಕೈಯ ಒಳಗಿನ ಮೂಳೆಗುಬ್ಬಿಯಿಂದ ಶುರುವಾಗುತ್ತವೆ. ಅದಕ್ಕೇ ಮುಂಗೈಯ ಹೊರಗೆರೆ ಮೇಲಿನಿಂದ ಉಬ್ಬುತ್ತದೆ, ಒಳಗೆರೆ ಕೆಳಗಿನಿಂದ. ಎದುರು ಬದುರು ಒಂದೇ ಎತ್ತರದಲ್ಲಿ ಎರಡು ಉಬ್ಬು ಬಿಡಿಸಿದರೆ ಕೈ ಬಲೂನಿನ ಹಾಗೆ ಆಗುತ್ತದೆ.

ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿ. ಅಲುಗುವುದು ಮೊಣಕೈ ಹತ್ತಿರದ ಮಾಂಸ. ಬೆರಳೊಳಗೆ ಬೆರಳನ್ನು ಮಡಚುವ ಸ್ನಾಯುವೇ ಇಲ್ಲ, ಇಲ್ಲಿಂದ ಹೋಗುವ ಸ್ನಾಯುರಜ್ಜುಗಳು ಅವನ್ನು ಎಳೆಯುತ್ತವೆ. ಮುಂಗೈ ಮೇಲೆ ದಪ್ಪಗಿದ್ದು ಮಣಿಕಟ್ಟಿನ ಕಡೆ ಸಣ್ಣಗಾಗಲು ಇದೇ ಕಾರಣ.

ಕೊನೆಗೆ ಇದನ್ನೂ ಮಾಡಿ. ಮೊಣಕೈ ಅರ್ಧ ಮಡಚಿ, ಇನ್ನೊಂದು ಕೈಯಲ್ಲಿ ರಟ್ಟೆ ಹಿಡಿದುಕೊಂಡು, ಅಂಗೈಯನ್ನು ಮೇಲಕ್ಕೂ ಕೆಳಕ್ಕೂ ತಿರುಗಿಸಿ. ಅಂಗೈ ಮೇಲಾದಾಗ ಬೈಸೆಪ್ಸ್ ಉಂಡೆಯಾಗುತ್ತದೆ. ಮೊಣಕೈ ಮಡಚುವುದರ ಜೊತೆಗೆ ಅಂಗೈ ತಿರುಗಿಸುವ ಕೆಲಸವೂ ಅದಕ್ಕಿದೆ, ಯಾಕೆಂದರೆ ಅದು ಹೋಗಿ ಅಂಟುವುದು ರೇಡಿಯಸ್‌ಗೆ. ಸ್ಕ್ರೂ ಬಿಗಿ ಮಾಡುವ ಬಡಗಿಯ ಬಲ ರಟ್ಟೆ ನೋಡಿ, ಇದೇ ನಡೆಯುತ್ತಿರುತ್ತದೆ. ಲಿಯೊನಾರ್ಡೊ ಡ ವಿಂಚಿ 1510ರ ಸುಮಾರಿಗೆ ಇದನ್ನು ಕಂಡುಕೊಂಡು ಚಿತ್ರ ಬಿಡಿಸಿ ತೋರಿಸಿದ್ದ. ಹೆಣ ಕೊಯ್ದು ಕಲಿತವನು ಅವನು. ಹಾಗೆಂದು ಎಲ್ಲವನ್ನೂ ಚಿತ್ರದಲ್ಲಿ ತುರುಕಿದವನಲ್ಲ. ಪ್ರತಿ ಸ್ನಾಯುವನ್ನೂ ಉಬ್ಬಿಸಿ ತೋರಿಸುವ ಚಿತ್ರಕಾರರನ್ನು ಅಕ್ರೋಟಿನ ಚೀಲ, ಮೂಲಂಗಿ ಕಟ್ಟು ಬಿಡಿಸುವವರು ಅಂತ ಹೀಯಾಳಿಸಿದ್ದ.

ಈ ಮುಂಗೈಯನ್ನು ಅಂಗೈ ನಿಮ್ಮ ಕಡೆ, ಹೆಬ್ಬೆರಳು ನಿಮ್ಮ ಕಡೆ, ಅಂಗೈ ಆಚೆ, ಹೀಗೆ ಮೂರು ಸ್ಥಿತಿಯಲ್ಲಿ ಬಿಡಿಸಿ. ಮೊದಲು ಎರಡು ಎಲುಬು ಮಾತ್ರ, ಅದರ ಮೇಲೆ ಸ್ನಾಯುವಿನ ಗುಂಪು, ಕೊನೆಗೆ ಹೊರಗೆರೆ. ಮಣಿಕಟ್ಟು ಚಪ್ಪಟೆ ಅನ್ನುವುದು ನೆನಪಿರಲಿ. ಅಂಗೈ ಎದುರಿಗಿದ್ದಾಗ ಅದರ ಅಗಲ ಕಾಣುತ್ತದೆ, ಹೆಬ್ಬೆರಳು ಎದುರಿಗೆ ಬಂದಾಗ ದಪ್ಪ ಮಾತ್ರ.

ನಾಲ್ಕನೇ ಹೆಜ್ಜೆ: ಹೆಗಲು

ತೋಳಿಗೂ ಮುಂಡಕ್ಕೂ ಇರುವ ಎಲುಬಿನ ಸಂಬಂಧ ಒಂದೇ ಒಂದು, ಕತ್ತಿನ ಗುಳಿಯ ಪಕ್ಕದಲ್ಲಿ ಕಾಲರ್ ಮೂಳೆ ಎದೆಮೂಳೆಗೆ ಸೇರುವ ಕೀಲು. ಭುಜದ ಹಲಗೆ ಪಕ್ಕೆಲುಬಿನ ಮೇಲೆ ಜಾರಾಡುತ್ತಾ ಇರುತ್ತದೆ. ಹಾಗಾಗಿ ಚಿತ್ರದಲ್ಲಿ ತೋಳನ್ನು ಹೆಗಲಿನ ತುದಿಯಿಂದ ಶುರು ಮಾಡಬಾರದು, ಕತ್ತಿನ ಗುಳಿಯಿಂದ ಶುರು ಮಾಡಬೇಕು.

ಒಂದು ಕೈಯನ್ನು ಎದುರು ಬದಿಯ ಕಾಲರ್ ಮೂಳೆ ಮೇಲೆ ಇಟ್ಟು, ಆ ಬದಿಯ ತೋಳನ್ನು ನಿಧಾನವಾಗಿ ತಲೆ ಮೇಲಕ್ಕೆ ಎತ್ತಿ. ಮೂಳೆ ಮೇಲೇಳುವುದು ಕೈಗೆ ಗೊತ್ತಾಗುತ್ತದೆ. ತೋಳು ಪೂರ್ತಿ ಎತ್ತಿದಾಗ ಆಗುವ ಸುಮಾರು 180 ಡಿಗ್ರಿ ಚಲನೆಯಲ್ಲಿ ಮೂರನೇ ಒಂದು ಪಾಲು ಭುಜದ ಹಲಗೆ ತಿರುಗುವುದರಿಂದ ಬರುತ್ತದೆ. ಹೊಸಬರ ಚಿತ್ರದಲ್ಲಿ ತೋಳು ಎತ್ತಿದವರ ಹೆಗಲು ಇದ್ದಲ್ಲೇ ಇರುತ್ತದೆ. ಅಂಟಿಸಿದ ಹಾಗೆ ಕಾಣುವುದು ಅದಕ್ಕೇ.

ಸ್ನಾಯು ಕಲಿಯುವ ಕ್ರಮ

ಯಾವ ಸ್ನಾಯು ಆದರೂ ಕೇಳಬೇಕಾದ ಪ್ರಶ್ನೆ ಇವೇ. ಎಲ್ಲಿಂದ ಹೊರಡುತ್ತದೆ? ಎಲ್ಲಿ ಅಂಟುತ್ತದೆ? ನಡುವೆ ಯಾವ ಕೀಲು ದಾಟುತ್ತದೆ? ದಾಟಿದ ಕೀಲನ್ನೇ ಅದು ಅಲುಗಾಡಿಸುತ್ತದೆ. ಸ್ನಾಯುವಿಗೆ ಎಳೆಯುವುದು ಗೊತ್ತು, ತಳ್ಳುವುದು ಗೊತ್ತಿಲ್ಲ. ಎಳೆದಾಗ ಗಿಡ್ಡವಾಗಿ ದಪ್ಪಗಾಗುತ್ತದೆ. ಅದರ ಎದುರಾಳಿ ಆಗ ಉದ್ದವಾಗಿ ಚಪ್ಪಟೆಯಾಗುತ್ತದೆ. ಬೈಸೆಪ್ಸ್ ಉಬ್ಬಿದ್ದರೆ ಹಿಂದಿನ ಟ್ರೈಸೆಪ್ಸ್ ಸಡಿಲು. ಎರಡನ್ನೂ ಒಟ್ಟಿಗೆ ಉಬ್ಬಿಸಿ ಬಿಡಿಸುವುದು ಸಿನಿಮಾ ಪೋಸ್ಟರಿನವರಿಗೆ ಬಿಟ್ಟುಬಿಡಿ.

ಮೊದಲ ಸುತ್ತಿಗೆ ಕತ್ತಿನ ಪಕ್ಕದ ಸ್ಟರ್ನೋಮಾಸ್ಟಾಯ್ಡ್, ಕತ್ತಿನ ಹಿಂದಿನಿಂದ ಹೆಗಲಿಗೆ ಹರಡುವ ಟ್ರಪೀಜಿಯಸ್, ಹೆಗಲು ಮುಚ್ಚುವ ಡೆಲ್ಟಾಯ್ಡ್, ಎದೆಯ ಪೆಕ್ಟೋರಲ್, ಬೆನ್ನಿನ ಲ್ಯಾಟ್ಸ್, ಹೊಟ್ಟೆಯ ನೇರ ಸ್ನಾಯು, ಪಿರ್ರೆ, ತೊಡೆಯ ಮುಂದಿನ ಮತ್ತು ಹಿಂದಿನ ಗುಂಪು, ಮೀನಖಂಡ ಸಾಕು. ಕೈಬೆರಳಿಗೆ ಹೆಚ್ಚು ಸ್ನಾಯು ಕಲಿಯಬೇಕಿಲ್ಲ. ಹಿಂಗೈಯಲ್ಲಿ ಎಲುಬು ಕಾಣುತ್ತದೆ, ಅಂಗೈಯಲ್ಲಿ ಮೆತ್ತನೆ ದಿಂಡುಗಳು. ಹಿಂದಿನಿಂದ ನೋಡಿದಾಗ ಬೆರಳು ಉದ್ದ, ಅಂಗೈ ಕಡೆಯಿಂದ ಗಿಡ್ಡ. ಹೆಬ್ಬೆರಳಿನ ಉಗುರು ಉಳಿದ ಉಗುರುಗಳ ದಿಕ್ಕಿಗೆ ಇರುವುದಿಲ್ಲ. ಇಷ್ಟು ಸರಿ ಬಂದರೆ ಕೈ ನಂಬುವ ಹಾಗಿರುತ್ತದೆ.

ಅಳತೆ

ಪಶ್ಚಿಮದ ಪಾಠದಲ್ಲಿ ಇಡೀ ತಲೆ ಅಳತೆಕೋಲು. ಸಾಮಾನ್ಯ ಆಳು ಏಳೂವರೆ ತಲೆ, ಆದರ್ಶದ ಮೈ ಎಂಟು ತಲೆ, ಹುಟ್ಟಿದ ಕೂಸು ಸುಮಾರು ನಾಲ್ಕು. ನಮ್ಮ ಶಿಲ್ಪಶಾಸ್ತ್ರದ ತಾಳಮಾನದಲ್ಲಿ ಮುಖ ಒಂದು ತಾಳ, ಅಂದರೆ 12 ಅಂಗುಲ. ನವತಾಳ 108 ಅಂಗುಲ, ಉತ್ತಮ ದಶತಾಳ 124. ಅಲ್ಲಿ ತಲೆ, ಇಲ್ಲಿ ಮುಖ, ಹಾಗಾಗಿ ಎರಡನ್ನೂ ಬೆರೆಸಬೇಡಿ. ದೇವರ ಮೂರ್ತಿ ಮಾಡುವವರು ತಾಳಮಾನ ಹಿಡಿಯಿರಿ, ಪಕ್ಕದ ಮನೆಯವರ ಚಿತ್ರಕ್ಕೆ ಕಣ್ಣಳತೆ ನಂಬಿ. ಅಂದಹಾಗೆ, ಶ್ರವಣಬೆಳಗೊಳದ 57 ಅಡಿ ಗೊಮ್ಮಟನ ಮೈಯಲ್ಲಿ ಉಬ್ಬಿದ ಸ್ನಾಯು ಹುಡುಕಿದರೂ ಸಿಗುವುದಿಲ್ಲ. ಆದರೂ ನಿಂತ ಮೈಯ ಗಟ್ಟಿತನ ಇದೆ. ಗಟ್ಟಿ ಭಾಗಗಳು ಸರಿಯಾಗಿ ಕೂತರೆ ಸ್ನಾಯು ಎಷ್ಟು ತೋರಿಸಬೇಕು ಅನ್ನುವುದು ನಿಮ್ಮ ಇಷ್ಟ.

ಜೀವಂತ ಮೈ ಎಲ್ಲಿ ಸಿಗುತ್ತದೆ

ಕಲಾಶಾಲೆಯ ಹೊರಗೆ ನಮ್ಮಲ್ಲಿ ಮಾಡೆಲ್ ಸಿಗುವುದು ಕಷ್ಟ. ಮೈಸೂರಿನ ಸುತ್ತ ಇರುವವರಿಗೆ ಗರಡಿಮನೆ ಇದೆ. ದಸರಾ ಕುಸ್ತಿಯಲ್ಲಿ ಪೈಲ್ವಾನರ ಬೆನ್ನು, ಹೆಗಲು, ತೊಡೆ ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಬಹುದು. ಗರಡಿಗೆ ಹೋಗುವ ಮುಂಚೆ ಉಸ್ತಾದರನ್ನು ಕೇಳಿ, ಬಿಡಿಸಿದ್ದನ್ನು ತೋರಿಸಿ. ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಗದ್ದೆಯಲ್ಲಿ ನಾಟಿ ಹಾಕುವವರು, ಇವರೆಲ್ಲ ಪುಸ್ತಕದಲ್ಲಿಲ್ಲದ ಭಂಗಿ ಕಲಿಸುತ್ತಾರೆ. ಫೋಟೊ ತೆಗೆದು ಮನೆಯಲ್ಲಿ ಬಿಡಿಸುವುದಕ್ಕಿಂತ ಅಲ್ಲೇ ನಿಂತು ಒರಟಾಗಿ ಗೀಚಿದ್ದು ಜಾಸ್ತಿ ಕಲಿಸುತ್ತದೆ.

ಮಣ್ಣಿನಲ್ಲಿ ಒಂದು ಸಲ

ಚಿತ್ರಕಾರರೂ ಒಂದು ಚರ್ಮ ಸುಲಿದ ಆಳನ್ನು ಮಣ್ಣಿನಲ್ಲಿ ಮಾಡಬೇಕು. ಹಾಳೆಯಲ್ಲಿ ಮುಚ್ಚಿಡುವ ಅನುಮಾನ ಮಣ್ಣಿನಲ್ಲಿ ಬಚ್ಚಿಡಲು ಆಗುವುದಿಲ್ಲ, ಹಿಂದುಗಡೆಯೂ ತುಂಬಲೇಬೇಕು. ಫ್ರಾನ್ಸಿನ ಶಿಲ್ಪಿ ಊಡಾನ್ 1767ರಲ್ಲಿ ರೋಮ್‌ನಲ್ಲಿ ಮಾಡಿದ ಇಂಥ ಮೂರ್ತಿಯ ಅಚ್ಚುಗಳನ್ನು ಕಲಾಶಾಲೆಗಳಲ್ಲಿ ತಲೆಮಾರುಗಟ್ಟಲೆ ಪಾಠಕ್ಕೆ ಬಳಸಿದ್ದಾರೆ.

ತಲೆ ಎರಡು ಇಂಚು ಇರಲಿ, ಎಂಟು ತಲೆಗೆ ಆಳು 16 ಇಂಚು ಆಗುತ್ತದೆ. ಅಲ್ಯೂಮಿನಿಯಂ ತಂತಿಯ ಗೂಡು ಕಟ್ಟಿ ಹಲಗೆಗೆ ಗಟ್ಟಿಯಾಗಿ ಬಿಗಿಯಿರಿ. ಕಬ್ಬಿಣದ ತಂತಿ ಹಸಿ ಮಣ್ಣಿನಲ್ಲಿ ತುಕ್ಕು ಹಿಡಿಯುತ್ತದೆ. ತಾವಾಗಿಯೇ ಕಲಿಯುವವರಿಗೆ ಒಣಗದ ಎಣ್ಣೆ ಮಣ್ಣು ಅನುಕೂಲ. ಕೆರೆಮಣ್ಣಾದರೆ ದಿನಾ ಒದ್ದೆ ಬಟ್ಟೆ, ಮೇಲೆ ಪ್ಲಾಸ್ಟಿಕ್ ಹೊದಿಸಬೇಕು, ಇಲ್ಲದಿದ್ದರೆ ಒಣಗುತ್ತಾ ಕುಗ್ಗಿ ತಂತಿಯ ಸುತ್ತ ಬಿರಿಯುತ್ತದೆ. ಮೊದಲು ತಲೆಬುರುಡೆ, ಎದೆಗೂಡು, ಸೊಂಟ ಮೂರನ್ನು ಕೂರಿಸಿ. ಭಾರ ಒಂದು ಕಾಲಿನ ಮೇಲಿರಲಿ. ಆಮೇಲೆ ಕೈಕಾಲಿನ ಎಲುಬು. ಸ್ನಾಯುವನ್ನು ಬೇರೆ ಬಣ್ಣದ ಮಣ್ಣಿನ ಪಟ್ಟಿಯಾಗಿ ಮಾಡಿ, ಹೊರಡುವ ಜಾಗದಿಂದ ಅಂಟುವ ಜಾಗದವರೆಗೆ ಎಳೆದು ಅಂಟಿಸಿ. ಎಡ ಅರ್ಧ ಎಲುಬು, ಬಲ ಅರ್ಧ ಸ್ನಾಯು ಅಂತ ಬಿಟ್ಟರೆ ಮುಂದೆ ಯಾವಾಗ ಬೇಕಾದರೂ ನೋಡಿಕೊಳ್ಳಲು ಒಂದು ಮಾದರಿ ಆಗುತ್ತದೆ.

ಬಣ್ಣ ಹಚ್ಚುವಾಗ

ಎಲುಬು ಚರ್ಮಕ್ಕೆ ತಾಗುವ ಕಡೆ ನೆರಳಿನ ಅಂಚು ಚೂಪು, ಬೆಳಕಿನ ಚುಕ್ಕಿ ಸಣ್ಣದು, ಹೊಳಪು ಜಾಸ್ತಿ. ಕೊಬ್ಬಿರುವ ಕಡೆ ನೆರಳು ನಿಧಾನವಾಗಿ ತಿರುಗುತ್ತದೆ. ಕಾಲರ್ ಮೂಳೆ ಮತ್ತು ಹೊಟ್ಟೆಗೆ ಒಂದೇ ಬ್ರಷ್ ಓಡಿಸಬೇಡಿ. ಪಶ್ಚಿಮದ ಪಾಠಗಳು ಬೆರಳಗಿಣ್ಣು, ಮಂಡಿ, ಮೊಣಕೈಗೆ ಗುಲಾಬಿ ಹಚ್ಚಿ ಅನ್ನುತ್ತವೆ. ನಮ್ಮ ಕಂದು ಚರ್ಮದಲ್ಲಿ ಆ ಜಾಗಗಳು ಸುತ್ತಲಿಗಿಂತ ಕಪ್ಪು, ಅಂಗೈ ಅಂಗಾಲು ತಿಳಿ. ನಿಮ್ಮ ಕೈಯನ್ನೇ ನೋಡಿ ಬಣ್ಣ ಕಲಸಿ.

ಬಟ್ಟೆಯ ಒಳಗಿನ ಮೈ

ನಮ್ಮ ಚಿತ್ರಗಳಲ್ಲಿ ಜನ ಬಹುಪಾಲು ಬಟ್ಟೆಯಲ್ಲೇ ಇರುತ್ತಾರೆ. ಹಾಗಾದರೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಬಟ್ಟೆ ತೂಗುವುದು ಈ ಎಲುಬಿನ ಜಾಗಗಳಿಂದಲೇ. ಸೆರಗು ಹೆಗಲಿನ ತುದಿಯಿಂದ ಇಳಿಯುತ್ತದೆ, ನೆರಿಗೆ ಸೊಂಟದಿಂದ, ಕೂತಾಗ ಪಂಚೆಯ ಮಡಿಕೆಗಳು ಎರಡು ಮಂಡಿಯ ನಡುವೆ ಜೋಲುತ್ತವೆ. ಭಾರ ಬಿಟ್ಟ ಕಾಲಿನ ಮಂಡಿ ಮುಂದೆ ಬಂದರೆ ಸೀರೆ ಅಲ್ಲಿ ಬಿಗಿಯಾಗುತ್ತದೆ, ಇನ್ನೊಂದು ಕಡೆ ನೆಟ್ಟಗೆ ಬೀಳುತ್ತದೆ. ಸೀರೆ ಉಟ್ಟವರನ್ನು ಬಿಡಿಸುವಾಗ ಮೊದಲು ಹೆಗಲು, ಸೊಂಟ, ಮಂಡಿ, ಪಾದದ ಗಿಣ್ಣಿಗೆ ಚುಕ್ಕಿ ಇಡಿ. ಮಡಿಕೆಯ ಪ್ರತಿ ಗೆರೆಯನ್ನೂ ಯಾವುದಾದರೂ ಒಂದು ಚುಕ್ಕಿಯಿಂದ ಹೊರಡಿಸಿ. ಎಲ್ಲಿಂದಲೂ ಹೊರಡದ ಮಡಿಕೆ ಕಂಡರೆ ರಬ್ಬರ್ ತೆಗೆದುಕೊಂಡು ಅಳಿಸಿಬಿಡಿ.